ರೇಡಿಯೋ ಪಾಠ: ಟೀಚರುಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ 27 ವರ್ಷ ಪಾಠ ಮಾಡಿದೆ. ಕೊನೆಯ ಕೆಲವು ವರ್ಷ ಚಿಕ್ಕ ಮಕ್ಕಳಿಗಾಗಿ ರೇಡಿಯೋ ಪಾಠ ಬರೆಯುವ ಕೆಲಸವೂ ಅದರ ಜೊತೆ ಸೇರಿಕೊಂಡಿತು. ಕ್ಲಸ್ಟರ್ ಸಭೆಯಲ್ಲಿ ಚಹಾ ಕುಡಿಯುವಾಗ, ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೀಟಿಂಗಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಆಗೀಗ ಕಾಗದದಲ್ಲಿ ಜನ ಕೇಳಿದ್ದನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಮೊದಲಿನ ಪ್ರಶ್ನೆಗಳು ಎಲ್ಲರಿಗೂ. ಕೊನೆಯವು ಪಾಠ ಬರೆಯುವವರಿಗೆ, ನಡೆಸುವವರಿಗೆ.

## ಮೊದಲಿಗೆ ಕೇಳುವಂಥವು

ರೇಡಿಯೋ ಪಾಠ ಅಂದ್ರೆ ಎಂತ ಟೀಚರ್? ಮಕ್ಕಳು ಸುಮ್ಮನೆ ಕೂತು ಕೇಳುವುದಾ?

ಸುಮ್ಮನೆ ಕೂತು ಕೇಳಿದರೆ ಅದು ಪಾಠ ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಅರ್ಧ ಕ್ಲಾಸು ಕಿಟಕಿಯ ಹೊರಗೆ ನೋಡುತ್ತಿರುತ್ತದೆ. ನಾನು ಹೇಳುತ್ತಿರುವುದು ಮಕ್ಕಳು ಉತ್ತರ ಕೊಡುವ ರೇಡಿಯೋ ಪಾಠದ ಬಗ್ಗೆ. 20ರಿಂದ 30 ನಿಮಿಷದ ಒಂದು ಪಾಠದಲ್ಲಿ ರೇಡಿಯೋದ ಅಕ್ಕ ಮತ್ತೆ ಮತ್ತೆ ಪ್ರಶ್ನೆ ಕೇಳಿ ಸುಮ್ಮನಾಗುತ್ತಾಳೆ. ಆ ಸುಮ್ಮನಿರುವ ಹೊತ್ತಿನಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳುತ್ತಾರೆ, ಎದ್ದು ನಿಲ್ಲುತ್ತಾರೆ, ಸ್ಲೇಟಿನಲ್ಲಿ ಬರೆಯುತ್ತಾರೆ, ಹುಣಸೆ ಬೀಜ ಎಣಿಸುತ್ತಾರೆ. ಕೂಡಲೇ ರೇಡಿಯೋ ಸರಿ ಉತ್ತರ ಹೇಳುತ್ತದೆ. ಹೀಗೆ (ಚೆಂಡು, ಅಟ್ಟೆ ಅಂದರೆ ನಮ್ಮಲ್ಲಿ ಮಲ್ಲಿಗೆ ಮಾರುವ ಅಳತೆ):

ಅಕ್ಕ: ಶಂಕರಪುರದ ಅಜ್ಜಿ ಮಲ್ಲಿಗೆ ಕಟ್ಟಿದ್ದಾರೆ. ಒಂದು ಅಟ್ಟೆಗೆ ಎಷ್ಟು ಚೆಂಡು? (ಮೌನ)
ಅಕ್ಕ: ನಾಲ್ಕು. ಒಂದು ಅಟ್ಟೆಗೆ ನಾಲ್ಕು ಚೆಂಡು. ಎರಡು ಅಟ್ಟೆಗೆ ಎಷ್ಟು ಚೆಂಡು? (ಮೌನ)
ಅಕ್ಕ: ಎಂಟು. ಈಗ ಮೂರು ಅಟ್ಟೆ. ಬೀಜ ಇಟ್ಟು ಎಣಿಸಿ. (ಉದ್ದದ ಮೌನ, ಹಿಂದೆ ಮದ್ದಳೆಯ ಸಣ್ಣ ಪೆಟ್ಟು)
ಅಕ್ಕ: ಹನ್ನೆರಡು. ನಾಲ್ಕು, ನಾಲ್ಕು, ನಾಲ್ಕು, ಒಟ್ಟು ಹನ್ನೆರಡು.

ನಮ್ಮ ಕಡೆಯವರಿಗೆ ಅರ್ಥ ಮಾಡಿಸಲು ನಾನು ಯಕ್ಷಗಾನದ ತಾಳಮದ್ದಳೆಯನ್ನು ನೆನಪಿಸುತ್ತೇನೆ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಮಾತಿನಲ್ಲೇ ಕುರುಕ್ಷೇತ್ರ ನಿಲ್ಲಿಸುತ್ತಾರೆ. ಒಬ್ಬ ಅರ್ಥಧಾರಿ ಸವಾಲು ಹಾಕಿ ಎದುರಿನವರಿಗೆ ಜಾಗ ಬಿಡುತ್ತಾರೆ. ರೇಡಿಯೋ ಪಾಠದಲ್ಲಿ ಆ ಎದುರಿನ ಅರ್ಥಧಾರಿ ಎರಡನೇ ಕ್ಲಾಸಿನ ಮಗು.

ಟೀವಿ ಉಂಟು, ಮೊಬೈಲು ಉಂಟು. ಈ ಹಳೆ ರೇಡಿಯೋ ಇನ್ನೂ ಯಾಕೆ?

2020ರಲ್ಲಿ ಶಾಲೆ ಮುಚ್ಚಿದಾಗ ಇದಕ್ಕೆ ಉತ್ತರ ಸಿಕ್ಕಿತು. ಮನೆಯಲ್ಲಿ ಒಂದು ಸ್ಮಾರ್ಟ್ ಫೋನು, ಅದು ಅಪ್ಪನ ಜೊತೆ ಬೆಳಿಗ್ಗೆ ಮಲ್ಪೆ ಬಂದರಿಗೆ ಹೋಗಿ ಸಂಜೆ ಬರುತ್ತಿತ್ತು. ಮೂವರು ಮಕ್ಕಳಿಗೆ ಅದೇ ಒಂದು. ಅದರಲ್ಲಿ ಡೇಟಾ ಮುಗಿದರೆ ಅಲ್ಲಿಗೆ ಪಾಠ ಮುಗಿಯಿತು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ಮೇಲೆ ಕೊಡೆ ಹಿಡಿದು ಕೂತ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ರೇಡಿಯೋಗೆ ಡೇಟಾ ಬೇಡ, ಪಾಸ್‌ವರ್ಡ್ ಬೇಡ, ಕರೆಂಟು ಹೋದರೂ ಎರಡು ಸೆಲ್ಲಿನಲ್ಲಿ ವಾರಗಟ್ಟಲೆ ನಡೆಯುತ್ತದೆ. ಒಂದು ಪಾಠವನ್ನು ನೂರು ಮಕ್ಕಳು ಕೇಳಿದರೂ ಲಕ್ಷ ಮಕ್ಕಳು ಕೇಳಿದರೂ ಪ್ರಸಾರದ ಖರ್ಚು ಅಷ್ಟೇ. ಇನ್ನೊಂದು ಸಂಗತಿಯನ್ನು ನಾನು ಕ್ಲಾಸಿನಲ್ಲೇ ಕಂಡೆ. ಟೀವಿ ಇಟ್ಟರೆ ಮಕ್ಕಳ ಕಣ್ಣು ಪರದೆಗೆ ಅಂಟುತ್ತದೆ, ಕೈ ನಿಂತುಹೋಗುತ್ತದೆ. ರೇಡಿಯೋ ಇಟ್ಟರೆ ಕಣ್ಣಿಗೂ ಕೈಗೂ ಬಿಡುವು. ಸ್ಲೇಟು ನೋಡಬಹುದು, ಪಕ್ಕದವನ ಬೀಜ ಎಣಿಸಬಹುದು, ಟೀಚರ ಮುಖ ನೋಡಬಹುದು.

ಟೀವಿ ಬೇಡ ಎಂದು ನಾನು ಹೇಳುತ್ತಿಲ್ಲ. ಹೂವಿನ ಭಾಗಗಳನ್ನು, ನಕ್ಷೆಯನ್ನು ತೋರಿಸಲು ಅದೇ ಒಳ್ಳೆಯದು.

ಇದನ್ನು ಮೊದಲು ಯಾರು ಮಾಡಿದ್ದು?

ಶಾಲೆಗಾಗಿ ರೇಡಿಯೋ ಬಳಸುವುದು ನೂರು ವರ್ಷದ ಹಿಂದಿನ ಸಂಗತಿ. ಬಿಬಿಸಿ 1924ರಲ್ಲೇ ಶಾಲಾ ಪ್ರಸಾರ ಶುರು ಮಾಡಿತು. ಕೊಲಂಬಿಯಾದಲ್ಲಿ 1947ರಲ್ಲಿ ಒಬ್ಬ ಪಾದ್ರಿ ಸುತಟೆಂಜಾ ಎಂಬ ಗುಡ್ಡಗಾಡಿನ ಊರಿನಿಂದ ರೈತರಿಗೆ ಓದು ಬರಹ ಕಲಿಸುವ ರೇಡಿಯೋ ನಡೆಸಿದರು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ ಗಾಳಿಯ ಶಾಲೆಯೇ ತೆರೆಯಿತು. ನೂರಾರು ಮೈಲಿ ದೂರದ ದನದ ಫಾರಂಗಳಲ್ಲಿದ್ದ ಮಕ್ಕಳು ಎರಡೂ ಕಡೆ ಮಾತಾಡುವ ರೇಡಿಯೋದಲ್ಲಿ ಟೀಚರಿಗೆ ಉತ್ತರ ಹೇಳುತ್ತಿದ್ದರು.

ಆದರೆ ಮೇಲೆ ಬರೆದ ಬಗೆ, ಅಂದರೆ ಒಂದೇ ಕಡೆಯ ಪ್ರಸಾರದಲ್ಲೂ ಮಗುವಿನಿಂದ ಉತ್ತರ ಹೊರಡಿಸುವ ಬಗೆ, ರೂಪ ಪಡೆದದ್ದು ಮಧ್ಯ ಅಮೆರಿಕದ ನಿಕರಾಗುವಾದಲ್ಲಿ. 1974ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿನ ಸರ್ಕಾರದ ಜೊತೆ ಸೇರಿ ಮಸಾಯಾ ಎಂಬ ಪ್ರಾಂತ್ಯದಲ್ಲಿ ರೇಡಿಯೋ ಗಣಿತ ಶುರು ಮಾಡಿದರು. ಅದಕ್ಕೂ ಮೊದಲು ಅದೇ ತಂಡ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಲೆಕ್ಕದ ಅಭ್ಯಾಸ ಮಾಡಿಸುತ್ತಿತ್ತು: ಪ್ರಶ್ನೆ, ಉತ್ತರ, ಕೂಡಲೇ ತಿದ್ದುವಿಕೆ. ಕಂಪ್ಯೂಟರು ಕೊಡಲಾಗದ ಹಳ್ಳಿಗೆ ಅದೇ ಕ್ರಮವನ್ನು ರೇಡಿಯೋದಲ್ಲಿ ಕಳಿಸಿದರು.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಆಗಿದೆಯಾ?

ಆಗಿದೆ. 2000ದ ದಶಕದಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಆಕಾಶವಾಣಿ ಸೇರಿ ಕೊಟ್ಟ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ನೆನಪಿರುವವರು ನಮ್ಮ ನಡುವೆ ತುಂಬ ಮಂದಿ. ಅದನ್ನು ಕೇಳಿದ ಮಕ್ಕಳು ಇವತ್ತು ಅದೇ ಶಾಲೆಗೆ ತಮ್ಮ ಮಕ್ಕಳನ್ನು ಕರೆತರುತ್ತಾರೆ. ಒಬ್ಬ ತಾಯಿ ಗೇಟಿನ ಹತ್ತಿರ ನಿಂತು, ಪಾಠದ ಶುರುವಿನ ಹಾಡಿನ ರಾಗವನ್ನು ನನಗೆ ಗುನುಗಿ ತೋರಿಸಿದಳು. ಪಾಠದಲ್ಲಿ ಏನಿತ್ತೆಂದು ಕೇಳಿದರೆ ಆಕೆಗೆ ನೆನಪಿಲ್ಲ, ರಾಗ ಮಾತ್ರ ಇದೆ.

ಇನ್ನೂ ಹಿಂದೆ ಹೋದರೆ, ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ನಡೆಸಿದ ಬಾನುಲಿ ಕೇಂದ್ರದಿಂದ ಬಂದದ್ದು. ಅವರು ವೃತ್ತಿಯಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಕನ್ನಡ ನಾಡಿನ ರೇಡಿಯೋ ಹುಟ್ಟಿದ್ದೇ ಒಬ್ಬ ಮೇಷ್ಟ್ರ ಮನೆಯಲ್ಲಿ ಎಂದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

## ಕ್ಲಾಸಿನೊಳಗಿನ ಪ್ರಶ್ನೆಗಳು

ರೇಡಿಯೋವೇ ಪಾಠ ಮಾಡಿದರೆ ನಮಗೆ ಎಂತ ಕೆಲಸ? ನಾಳೆ ನಮ್ಮ ಹುದ್ದೆಯನ್ನೇ ತೆಗೆದರೆ?

ಈ ಹೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಇದ್ದವಳು ನಾನು. ಖಾಲಿ ಹುದ್ದೆ ತುಂಬುವ ಬದಲು ಒಂದು ಪೆಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವವರು ಇದ್ದರೆ ಅದನ್ನು ವಿರೋಧಿಸಲೇ ಬೇಕು.

ಆದರೆ ರೇಡಿಯೋಗೆ ಕಣ್ಣಿಲ್ಲ. ಯಾರ ತುಟಿ ಅಲ್ಲಾಡಲಿಲ್ಲ, ಯಾರು ಪಕ್ಕದವನನ್ನು ನೋಡಿ ಉತ್ತರ ಹೇಳಿದ, ಯಾರಿಗೆ ಇವತ್ತು ಜ್ವರ, ಅದಕ್ಕೆ ಗೊತ್ತಾಗುವುದಿಲ್ಲ. ಅದೆಲ್ಲ ನಿಮಗೆ ಮಾತ್ರ ಕಾಣುವುದು. ಪಾಠಕ್ಕೆ ಐದು ನಿಮಿಷ ಮೊದಲು ಬೀಜ, ಸ್ಲೇಟು ಹಂಚಬೇಕು, ಹಲಗೆಯಲ್ಲಿ ಬೇಕಾದ ಚಿತ್ರ ಬರೆದಿಡಬೇಕು. ಪಾಠದ ಹೊತ್ತಿಗೆ ಸಾಲುಗಳ ನಡುವೆ ನಡೆಯಬೇಕು. ಮುಗಿದ ಮೇಲೆ ಇಪ್ಪತ್ತು ನಿಮಿಷ, ಹಿಂದೆ ಬಿದ್ದ ನಾಲ್ಕೈದು ಮಕ್ಕಳ ಜೊತೆ ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮಾಡಿಸಬೇಕು. ನಿಕರಾಗುವಾದಲ್ಲೂ ಪ್ರಸಾರ ಮುಗಿದ ಮೇಲೆ ಟೀಚರ್ ನಡೆಸುವ ಭಾಗ ಪಾಠದ ಅಂಗವೇ ಆಗಿತ್ತು.

ರೇಡಿಯೋ ಹಾಕಿ ಸ್ಟಾಫ್ ರೂಮಿಗೆ ಹೋಗಿ ರಿಜಿಸ್ಟರ್ ಬರೆದರೆ ಪಾಠ ಹಾಳು. ಗದರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಿ, ಸಮೀಕ್ಷೆ ಎಂದು ಟೀಚರುಗಳ ತಲೆಯ ಮೇಲೆ ಏನೆಲ್ಲ ಇದೆ ಎಂಬುದು ನನಗೆ ಗೊತ್ತು. ಆದರೂ ಆ ಅರ್ಧ ಗಂಟೆ ಕ್ಲಾಸಿನಲ್ಲೇ ಇರಿ.

ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ರೇಡಿಯೋದ ಕನ್ನಡ ಗೊತ್ತಾಗ್ತದಾ?

ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬೆಂಗಳೂರಿನಲ್ಲಿ ಬರೆದ ಪಾಠ ಇಲ್ಲಿ ಮುಗ್ಗರಿಸುವುದೂ ಇದೇ ಜಾಗದಲ್ಲಿ.

ಒಂದು ಮಧ್ಯಾಹ್ನ ಕಾರ್ಕಳ ಕಡೆಯ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಹಿಂದೆ ಕೂತಿದ್ದೆ. ರೇಡಿಯೋ ಕೇಳಿತು: ‘ಗುಬ್ಬಿ ಎಷ್ಟು?’ ಮುಂದಿನ ಸಾಲಿನ ಹುಡುಗಿ ತುಳುವಿನಲ್ಲಿ ‘ಮೂಜಿ’ ಅಂದಳು. ಕೂಡಲೇ ನಾಲಿಗೆ ಕಚ್ಚಿಕೊಂಡು ಬೆರಳು ನೋಡಿ ‘ಮೂರು’ ಅಂದಳು. ಅಷ್ಟರಲ್ಲಿ ರೇಡಿಯೋ ಮುಂದಿನ ಪ್ರಶ್ನೆಗೆ ಹೋಗಿ ಆಗಿತ್ತು. ಆಕೆ ಎಣಿಸಿದ್ದು ಸರಿ, ಉತ್ತರ ಸರಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಒಂದೂವರೆ ಸೆಕೆಂಡು ಬೇಕಾಯಿತು, ಅದನ್ನು ನಾವು ಕೊಟ್ಟಿರಲಿಲ್ಲ. ಆ ದಿನ ಆಕೆ ಕಲಿತದ್ದು ‘ನಾನು ಯಾವಾಗಲೂ ತಡ’ ಎಂಬುದನ್ನು ಮಾತ್ರ. ಆಕೆಯ ಪಕ್ಕದಲ್ಲಿ ‘ಮೂನು’ ಅನ್ನುವ ಬ್ಯಾರಿ ಮನೆಯ ಹುಡುಗ, ‘ತೀನ್’ ಅನ್ನುವ ಕೊಂಕಣಿ ಮನೆಯ ಹುಡುಗಿ. ಮೂವರೂ ಅದೇ ಸೇತುವೆ ದಾಟಬೇಕು.

ಆಮೇಲೆ ನಾವು ಮೂರು ಬದಲಾವಣೆ ಮಾಡಿದೆವು. ಶುರುವಿನ ತಿಂಗಳುಗಳಲ್ಲಿ ಮೌನವನ್ನು ಉದ್ದ ಮಾಡಿದೆವು. ರೇಡಿಯೋದಲ್ಲೇ ತುಳು ಮಾತಾಡುವ ಒಂದು ಪಾತ್ರ ತಂದೆವು. ಅದು ‘ಮೂಜಿ’ ಅನ್ನುತ್ತದೆ, ಅಕ್ಕ ‘ಹೌದು, ಮೂಜಿ, ಮೂರು’ ಅನ್ನುತ್ತಾಳೆ. ತುಳು ಹೇಳಿದ್ದು ತಪ್ಪಲ್ಲ ಎಂದು ಮಗುವಿಗೆ ಆಗಲೇ ತಿಳಿಯುತ್ತದೆ. ಕೊನೆಯದಾಗಿ, ಬರೆವಣಿಗೆಯ ಕನ್ನಡ ಬಿಟ್ಟು ಇಲ್ಲಿನ ಕಿವಿಗೆ ಪರಿಚಯ ಇರುವ ಕನ್ನಡ ತಂದೆವು. ‘ಇದೆ’ ಜೊತೆ ‘ಉಂಟು’ ಕೂಡ ಇರಲಿ. ಕುಂದಾಪುರದ ಮಕ್ಕಳಿಗೆ ಅವರ ಕುಂದಗನ್ನಡ ಬೇರೆ ಇದೆ, ಅದಕ್ಕೂ ಒಂದು ಪಾತ್ರ ಬರೆಯಬೇಕೆಂಬ ಆಸೆ ಇನ್ನೂ ಬಾಕಿ ಇದೆ.

ಒಂದರಿಂದ ಮೂರನೇ ಕ್ಲಾಸು ಒಟ್ಟಿಗೇ ಕೂತಿದೆ. ಯಾರಿಗೆ ಅಂತ ಪಾಠ ಹಾಕುವುದು?

ನಮ್ಮ ನಲಿಕಲಿ ಕೋಣೆಯ ಕಷ್ಟವೇ ಇದು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಪ್ರತಿ ಮಗು ತನ್ನ ಕಾರ್ಡು ಹಿಡಿದು ತನ್ನ ಮೆಟ್ಟಿಲಲ್ಲಿ ಇರುತ್ತದೆ. ರೇಡಿಯೋ ಮಾತ್ರ ಎಲ್ಲರನ್ನೂ ಒಂದೇ ಬಸ್ಸಿಗೆ ಹತ್ತಿಸುತ್ತದೆ. ಎರಡೂ ಪೂರ್ತಿ ಹೊಂದುವುದಿಲ್ಲ, ಇದನ್ನು ಒಪ್ಪಿಕೊಳ್ಳಬೇಕು.

ಹೊಂದಿಸುವ ದಾರಿ ಏನೆಂದರೆ, ಒಂದೇ ಕತೆಯೊಳಗೆ ಮೂರು ಮಟ್ಟದ ಪ್ರಶ್ನೆ. ‘ಒಂದನೆಯವರು ಹೇಳಿ, ಬುಟ್ಟಿಯಲ್ಲಿ ಎಷ್ಟು ಬಂಗುಡೆ?’ ‘ಎರಡನೆಯವರು, ಮೂರು ಮಾರಿದರೆ ಎಷ್ಟು ಉಳಿಯಿತು?’ ‘ಮೂರನೆಯವರು, ಒಂದಕ್ಕೆ ಹತ್ತು ರೂಪಾಯಿ ಆದರೆ ಎಷ್ಟು ಬಂತು?’ ದೊಡ್ಡವರ ಪ್ರಶ್ನೆ ಚಿಕ್ಕವರ ಕಿವಿಗೂ ಬೀಳುತ್ತದೆ. ಅದು ನಷ್ಟವಲ್ಲ. ಅಣ್ಣನ ಮಗ್ಗಿ ಕೇಳಿ ಕೇಳಿ ಬಾಯಿಪಾಠ ಮಾಡಿದ ತಂಗಿ ಎಲ್ಲ ಮನೆಯಲ್ಲೂ ಇರುತ್ತಾಳೆ.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಒಂದಕ್ಷರ ಕೇಳುವುದಿಲ್ಲ ಮಾರಾಯ್ರೆ!

ನಿಜ, ಜೂನ್‌ನಿಂದ ಸೆಪ್ಟೆಂಬರ್ ಎಂದರೆ ಇಲ್ಲಿ ಮಳೆಯದೇ ಪ್ರಸಾರ. ಮಳೆ ರಜೆ ಬೇರೆ. ನಾನು ಪಟ್ಟ ಪಾಡಿನಿಂದ ಕೆಲವು ಮಾತು:

ಹೆಂಚಿನ ಕೋಣೆ ಒಂದಾದರೂ ಇದ್ದರೆ ಪಾಠ ಅಲ್ಲೇ ಇಡಿ. ರೇಡಿಯೋವನ್ನು ಟೀಚರ ಮೇಜಿನ ಮೇಲೆ ಇಡುವ ಅಭ್ಯಾಸ ಬಿಟ್ಟು ಮಕ್ಕಳನ್ನು ಅದರ ಸುತ್ತ ಅರ್ಧ ಚಂದ್ರಾಕಾರ ಕೂರಿಸಿ, ಪೆಟ್ಟಿಗೆ ಅವರ ಕಿವಿಯ ಎತ್ತರಕ್ಕೆ ಇರಲಿ. ಮೂವತ್ತು ಮಕ್ಕಳಿಗೆ ಅಂಗೈಯಗಲದ ರೇಡಿಯೋ ಸಾಲದು, ಸ್ವಲ್ಪ ದೊಡ್ಡ ಸ್ಪೀಕರ್ ಇರುವುದೇ ಬೇಕು.

ಎಫ್‌ಎಂ ಅಲೆ ಹೆಚ್ಚು ಕಡಿಮೆ ನೇರ ದಾರಿಯಲ್ಲಿ ಓಡುತ್ತದೆ. ನಡುವೆ ಗುಡ್ಡ ನಿಂತರೆ ಅದರ ಹಿಂದೆ ನೆರಳು. ಮಂಗಳೂರು ಆಕಾಶವಾಣಿಯ 100.3 ಕರಾವಳಿಯ ಬಯಲಿನಲ್ಲಿ ಸ್ವಚ್ಛ ಕೇಳಿದರೂ ಘಟ್ಟದ ಬುಡಕ್ಕೆ ಹೋದ ಹಾಗೆ ಕೊರಕೊರ ಅನ್ನುವುದು ಇದಕ್ಕೇ. ನಾವೆಲ್ಲ ಬ್ರಹ್ಮಾವರದ ಟವರಿನ ಮೀಡಿಯಂ ವೇವ್ ಕೇಳಿ ಬೆಳೆದವರು. ಅದು ನೆಲ ಹಿಡಿದು ಗುಡ್ಡ ಬಳಸಿ ಬರುತ್ತಿತ್ತು, ಧ್ವನಿ ಮಾತ್ರ ಅಷ್ಟು ತಿಳಿಯಾಗಿರಲಿಲ್ಲ. ಈಗ ಮಾಡಬಹುದಾದ್ದು ಆಂಟೆನಾ ಪೂರ್ತಿ ಎಳೆದು ಕಿಟಕಿಯ ಹತ್ತಿರ ಇಡುವುದು, ತಗಡು, ಕಬ್ಬಿಣದ ಕಪಾಟಿನಿಂದ ದೂರ ಸರಿಸುವುದು. ಮೊಬೈಲಿನಲ್ಲಿ ಎಫ್‌ಎಂ ಹಾಕುವವರು ಇಯರ್‌ಫೋನ್ ವೈರು ಚುಚ್ಚಲೇಬೇಕು, ಆಂಟೆನಾ ಅದೇ.

ಗುಡುಗು ಶುರುವಾದರೆ ಹೊರಗಿನ ಆಂಟೆನಾ ವೈರು, ಕರೆಂಟಿನ ಪ್ಲಗ್ಗು ಎರಡನ್ನೂ ಕಳಚಿ. ಏಪ್ರಿಲ್ ರಜೆಗೆ ಮೊದಲು ಸೆಲ್ಲು ಹೊರತೆಗೆಯಿರಿ. ಒಂದು ವರ್ಷ ಮರೆತು, ಜೂನ್‌ನಲ್ಲಿ ತೆರೆದರೆ ಒಳಗೆಲ್ಲ ಹಸಿರು ಕಿಲುಬು, ಎರಡು ವಾರದ ಪಾಠ ಹೋಯಿತು.

ಮಧ್ಯಾಹ್ನ ಊಟ ಆದ ಮೇಲೆ ಪಾಠ ಬರ್ತದೆ. ಮಕ್ಕಳು ತೂಕಡಿಸ್ತಾರಲ್ಲ?

ತೂಕಡಿಸುತ್ತಾರೆ, ಅನ್ನ ಸಾರು ಉಂಡವರು ಮತ್ತೇನು ಮಾಡಿಯಾರು. ಮೊದಲ ಎರಡು ನಿಮಿಷ ಎದ್ದು ನಿಂತು ಕೈಕಾಲು ಆಡಿಸುವ ಹಾಡು ಇರಲಿ, ನಡುವೆ ಇನ್ನೊಂದು. ಪಾಠದಲ್ಲಿ ಇಲ್ಲದಿದ್ದರೆ ನೀವೇ ಮಾಡಿಸಿ.

ಓದು ಬರಹ ಕಿವಿಯಲ್ಲಿ ಕಲಿಸ್ಲಿಕ್ಕೆ ಆಗ್ತದಾ?

ಅರ್ಧ ಆಗುತ್ತದೆ. ‘ಕಮಲ’ದಲ್ಲಿ ಮೊದಲು ಯಾವ ಸದ್ದು, ‘ಮರ’ ಮತ್ತು ‘ಮನೆ’ ಎರಡರಲ್ಲೂ ಇರುವ ಸದ್ದು ಯಾವುದು, ‘ಅಕ್ಕಿ’ ಮತ್ತು ‘ಹಕ್ಕಿ’ ಒಂದೇಯಾ ಎಂಬುದನ್ನೆಲ್ಲ ಕಿವಿಯೇ ಕಲಿಯಬೇಕು, ಅದಕ್ಕೆ ರೇಡಿಯೋ ಬಹಳ ಒಳ್ಳೆಯದು. ಹಕಾರ ಅಕಾರ ಅದಲು ಬದಲಾಗುವ ಮಕ್ಕಳಿಗೆ ದಿನಾ ಒಂದು ಶುದ್ಧ ಉಚ್ಚಾರ ಕೇಳುವುದೇ ದೊಡ್ಡ ಲಾಭ. ಅಕ್ಷರದ ಆಕಾರ ಮಾತ್ರ ಕಣ್ಣಿಗೆ ಕಾಣಬೇಕು, ಕೈ ತಿದ್ದಬೇಕು. ಅದಕ್ಕೆ ಪ್ರತಿ ಮಗುವಿನ ಮುಂದೆ ಒಂದು ಹಾಳೆ ಇರಬೇಕು. ‘ಹಾಳೆಯಲ್ಲಿ ಆನೆಯ ಕೆಳಗಿನ ಅಕ್ಷರಕ್ಕೆ ಬೆರಳಿಡಿ’ ಎಂದು ರೇಡಿಯೋ ಹೇಳಿದರೆ ಸಾಕು. ಕೀನ್ಯಾದಲ್ಲಿ 1980ರಿಂದ 1985ರವರೆಗೆ ಮೊದಲ ಮೂರು ತರಗತಿಗಳಿಗೆ ಇಂಗ್ಲಿಷನ್ನು ಇದೇ ರೀತಿ ರೇಡಿಯೋದಲ್ಲಿ ಕಲಿಸಿದರು.

ಕಿವಿ ಸರಿಯಾಗಿ ಕೇಳದ ಮಗು ಇದ್ದರೆ?

ಆ ಮಗುವಿಗೆ ರೇಡಿಯೋ ಪಾಠ ಪಾಠವೇ ಅಲ್ಲ, ಬೇರೆ ವ್ಯವಸ್ಥೆ ಮಾಡಲೇಬೇಕು. ಒಂದು ಮಾತು ಮಾತ್ರ: ಮೌನದಲ್ಲಿ ಯಾವಾಗಲೂ ಪಕ್ಕದವರನ್ನು ನೋಡಿ ತಡವಾಗಿ ಉತ್ತರಿಸುವ ಮಗು ಕಂಡರೆ ದಡ್ಡ ಎನ್ನಬೇಡಿ, ಕಿವಿ ತೋರಿಸಲು ಮನೆಯವರಿಗೆ ಹೇಳಿ. ನನ್ನ ಕ್ಲಾಸಿನ ಒಬ್ಬ ಹುಡುಗನ ಕಿವಿ ಸೋರುತ್ತಿದ್ದದ್ದು ನನಗೆ ಗೊತ್ತಾದದ್ದೇ ರೇಡಿಯೋದಿಂದ.

## ಪಾಠ ಬರೆಯುವವರು, ನಡೆಸುವವರು ಕೇಳುವಂಥವು

ಪ್ರಶ್ನೆ ಕೇಳಿ ಎಷ್ಟು ಸೆಕೆಂಡ್ ಬಿಡಬೇಕು? ಅದಕ್ಕೆ ಲೆಕ್ಕ ಉಂಟಾ?

ಲೆಕ್ಕ ಇದೆ, ಆದರೆ ಅದು ಮನೆಯ ಮೇಜಿನ ಮೇಲೆ ಸಿಗುವುದಿಲ್ಲ.

ನನ್ನ ಮೊದಲ ಪಾಠ ಬರೆದಾಗ ಮೌನವನ್ನು ನಾನೇ ಮನಸ್ಸಿನಲ್ಲಿ ಉತ್ತರ ಹೇಳಿಕೊಂಡು ಅಳೆದೆ. ಎರಡು ಸೆಕೆಂಡು. ಉತ್ತರ ಗೊತ್ತಿರುವವಳಿಗೆ ಎರಡು ಸೆಕೆಂಡು ಧಾರಾಳ. ಕ್ಲಾಸಿನಲ್ಲಿ ಪಾಠ ಹಾಕಿದಾಗ ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ರೇಡಿಯೋ ‘ಹನ್ನೆರಡು’ ಅಂದುಬಿಟ್ಟಿತು. ಐದನೇ ಪ್ರಶ್ನೆಗೆ ಮಕ್ಕಳು ಪ್ರಯತ್ನ ಬಿಟ್ಟರು. ಹೇಗೂ ಅದೇ ಹೇಳುತ್ತದಲ್ಲ ಎಂದು ಕಾಯುತ್ತ ಕೂತರು. ಅವರ ತಪ್ಪಲ್ಲ, ಕಾಯಲು ಕಲಿಸಿದ್ದೇ ನಾನು. ಮುಂದಿನ ಸಲ ಗಾಬರಿಯಲ್ಲಿ ಎಲ್ಲ ಪ್ರಶ್ನೆಗೂ ಎಂಟು ಸೆಕೆಂಡು ಬಿಟ್ಟೆ. ಮುಂದಿನವರು ಉತ್ತರ ಹೇಳಿ ಮುಗಿಸಿ, ಹಿಂದಿನ ಬೆಂಚಿನಲ್ಲಿ ಕುಸ್ತಿ ಶುರುವಾಯಿತು.

ಆಮೇಲೆ ಹಿಡಿದ ದಾರಿ ಇದು. ಪ್ರಸಾರಕ್ಕೆ ಮೊದಲು ಪಾಠದ ಕರಡನ್ನು ಒಂದು ಶಾಲೆಯಲ್ಲಿ ಬಾಯಲ್ಲೇ ಓದುವುದು. ಇನ್ನೊಬ್ಬರು ಹಿಂದೆ ಕೂತು ಗಡಿಯಾರ ಹಿಡಿದು, ಪ್ರತಿ ಪ್ರಶ್ನೆಗೂ ಹೆಚ್ಚಿನ ಮಕ್ಕಳು ಉತ್ತರ ಮುಗಿಸುವ ಕ್ಷಣವನ್ನು ಗುರುತು ಹಾಕಿಕೊಳ್ಳುವುದು. ಹೌದು-ಅಲ್ಲ ಉತ್ತರಕ್ಕೆ ಒಂದು ಅಳತೆ, ಬಾಯಿಲೆಕ್ಕಕ್ಕೆ ಇನ್ನೊಂದು, ಸ್ಲೇಟಿನಲ್ಲಿ ಬರೆಯುವುದಕ್ಕೆ ಬೇರೆಯೇ. ಎರಡು ಬೇರೆ ಬೇರೆ ಶಾಲೆಯಲ್ಲಿ ಅಳೆಯಿರಿ, ಪೇಟೆಯ ಶಾಲೆ ಒಂದು, ಒಳಗಿನ ಹಳ್ಳಿಯದು ಒಂದು. ಅಳತೆ ಬೇರೆ ಬಂದರೆ ಹಳ್ಳಿಯದನ್ನೇ ಇಟ್ಟುಕೊಳ್ಳಿ.

ಉದ್ದದ ಮೌನದಲ್ಲಿ ಏನೂ ಸದ್ದಿಲ್ಲದಿದ್ದರೆ ರೇಡಿಯೋ ಕೆಟ್ಟಿತೆಂದು ಟೀಚರ್ ಎದ್ದು ಬಟನ್ ತಿರುಗಿಸುತ್ತಾರೆ. ಅದಕ್ಕೇ ಹಿಂದೆ ಸಣ್ಣ ತಾಳ.

‘ಶಭಾಷ್, ಸರಿಯಾದ ಉತ್ತರ!’ ಅಂದರೆ ಮಕ್ಕಳಿಗೆ ಖುಷಿ ಅಲ್ವಾ? ಯಾಕೆ ಬೇಡ ಅಂತೀರಿ?

ರೇಡಿಯೋಗೆ ಉತ್ತರ ಕೇಳಿಸಿಲ್ಲ. ಹದಿನಾಲ್ಕು ಎಂದು ಕೂಗಿದ ಮಗುವಿಗೂ ಅದೇ ಶಭಾಷ್ ಸಿಗುತ್ತದೆ, ಆಗ ಹದಿನಾಲ್ಕೇ ಸರಿ ಎಂದು ಗಟ್ಟಿಯಾಗುತ್ತದೆ. ಹೊಗಳಿಕೆ ಬಿಟ್ಟು ಉತ್ತರವನ್ನೇ ಹೇಳಿ: ‘ಹನ್ನೆರಡು. ಮೂರು ಸಲ ನಾಲ್ಕು, ಹನ್ನೆರಡು.’ ಮಗು ತನ್ನದನ್ನು ಅದರ ಪಕ್ಕ ಇಟ್ಟು ನೋಡಿಕೊಳ್ಳುತ್ತದೆ. ಬೆನ್ನು ತಟ್ಟುವುದನ್ನು ಟೀಚರಿಗೆ ಬಿಡಿ.

ಒಂದು ಪಾಠದಲ್ಲಿ ಒಂದು ವಿಷಯ ಪೂರ್ತಿ ಮುಗಿಸುವುದು ಒಳ್ಳೆಯದಲ್ವಾ?

ಪುಸ್ತಕದ ಅಭ್ಯಾಸ ನಮಗೆ ಹಾಗೆ ಅನ್ನಿಸುವಂತೆ ಮಾಡಿದೆ. ಅರ್ಧ ಗಂಟೆ ಬರೀ ಗುಣಾಕಾರ ಮಾಡಿಸಿ ಬಿಟ್ಟರೆ ಮುಂದಿನ ಸೋಮವಾರಕ್ಕೆ ಮರೆತಿರುತ್ತದೆ. ಅದೇ ಅರ್ಧ ಗಂಟೆಯನ್ನು ನಾಲ್ಕೈದು ನಿಮಿಷದ ತುಂಡುಗಳಾಗಿ ಮಾಡಿ ಹಲವು ವಾರಗಳಿಗೆ ಹಂಚಿದರೆ ಉಳಿಯುತ್ತದೆ. ಹಾಗಾಗಿ ಒಂದು ದಿನದ ಪಾಠದಲ್ಲಿ ಹಳೆಯ ಕೂಡಿಸುವುದು ಸ್ವಲ್ಪ, ಗಡಿಯಾರ ನೋಡುವುದು ಸ್ವಲ್ಪ, ಹೊಸ ಮಗ್ಗಿ ಸ್ವಲ್ಪ, ಒಂದು ಹಾಡು. ಗದ್ದೆಗೆ ಒಂದೇ ದಿನ ಕೆರೆಯ ನೀರೆಲ್ಲ ಬಿಟ್ಟರೆ ನೇಜಿ ಕೊಳೆಯುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳು ನಿಜವಾಗಿ ಕಲಿತಿದ್ದಾರೆ ಅನ್ನಲಿಕ್ಕೆ ಆಧಾರ ಎಂತ?

ನಿಕರಾಗುವಾದ ಪರೀಕ್ಷೆ ಇವತ್ತಿಗೂ ಎದ್ದು ಕಾಣುತ್ತದೆ. ಅಲ್ಲಿ ಒಂದನೇ ತರಗತಿಗಳನ್ನು ಮೂರು ಗುಂಪು ಮಾಡಿದರು. ಕೆಲವಕ್ಕೆ ರೇಡಿಯೋ ಗಣಿತ, ಕೆಲವಕ್ಕೆ ಮಕ್ಕಳಿಗೆಲ್ಲ ಪಠ್ಯಪುಸ್ತಕ, ಉಳಿದವು ಎಂದಿನ ಹಾಗೆ. 1981ರಲ್ಲಿ ಬಂದ ವರದಿಯ ಪ್ರಕಾರ ಪುಸ್ತಕ ಸಿಕ್ಕವರೂ ಮುಂದೆ ಹೋದರು, ರೇಡಿಯೋ ಕೇಳಿದವರು ಅದಕ್ಕಿಂತ ತುಂಬ ಮುಂದೆ ಹೋದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಫಲಿತಾಂಶ: ಪೇಟೆಯ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ಇದ್ದ ಅಂತರ ಕಡಿಮೆಯಾಯಿತು. ಒಳ್ಳೆಯದು ಯಾವುದು ಬಂದರೂ ಮೊದಲು ಇದ್ದವರನ್ನೇ ಇನ್ನಷ್ಟು ಮುಂದೆ ತಳ್ಳುವುದನ್ನು ನೋಡಿ ನೋಡಿ ಬೇಸತ್ತವಳು ನಾನು. ಹಿಂದಿದ್ದವರನ್ನು ಹೆಚ್ಚು ಎಳೆದ ಸಾಧನ ಎಂಬ ಕಾರಣಕ್ಕೇ ನನಗೆ ಇದರ ಮೇಲೆ ನಂಬಿಕೆ.

ಅಷ್ಟು ಒಳ್ಳೆಯದಾದರೆ ಎಲ್ಲ ಕಡೆ ನಿಂತುಹೋದದ್ದು ಯಾಕೆ?

ಕೆಲಸ ಮಾಡದೆ ನಿಂತದ್ದಲ್ಲ. ನಿಕರಾಗುವಾದಲ್ಲಿ 1979ರಲ್ಲಿ ಕ್ರಾಂತಿಯಾಗಿ ಸರ್ಕಾರ ಬದಲಾಯಿತು, ಅಮೆರಿಕದ ಹಣದಲ್ಲಿ ನಡೆದ ಯೋಜನೆ ಅಲ್ಲಿಗೆ ಮುಗಿಯಿತು. ಕೀನ್ಯಾದಲ್ಲಿ ಯೋಜನೆಯ ಅವಧಿ ಮುಗಿದ ಮೇಲೆ ದೇಶಕ್ಕೆಲ್ಲ ಹಬ್ಬಲಿಲ್ಲ. ತಮಾಷೆ ನೋಡಿ, ಅಲ್ಲಿ ಬರೆದ ಪಾಠಗಳು ಲೆಸೊಥೊ ಎಂಬ ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ಬಾಳಿದವು. ನಿಕರಾಗುವಾದ ಗಣಿತವೂ ಹೊಂಡುರಾಸ್, ಬೊಲಿವಿಯಾಗಳಿಗೆ ದಾಟಿತು.

ನಿಲ್ಲುವ ಕಾರಣಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಹೊರಗಿನ ಹಣ ಬರುವಾಗ ಎಲ್ಲ ಇರುತ್ತದೆ, ನಿಂತಾಗ ಸೆಲ್ಲಿಗೆ ದುಡ್ಡು ಯಾರ ಲೆಕ್ಕದಿಂದ ಎಂದು ಯಾರಿಗೂ ಗೊತ್ತಿರುವುದಿಲ್ಲ. ಪಠ್ಯ ಬದಲಾದರೆ ಪಾಠ ಮತ್ತೆ ಬರೆಯಬೇಕು, ಬರೆಯಲು ಕಲಿತವರನ್ನು ಅಷ್ಟರಲ್ಲಿ ಬೇರೆ ಹುದ್ದೆಗೆ ಹಾಕಿರುತ್ತಾರೆ. ಶಾಲೆಯ ವೇಳಾಪಟ್ಟಿಯಲ್ಲಿ ಆ ಅರ್ಧ ಗಂಟೆಗೆ ಜಾಗ ಇರುವುದಿಲ್ಲ. ಒಂದು ಶಾಲೆಗೆ ನಾನು ಹೋದಾಗ ಹೊಚ್ಚ ಹೊಸ ರೇಡಿಯೋ ಪ್ಲಾಸ್ಟಿಕ್ ಕವರಿನೊಳಗೇ ಕಪಾಟಿನಲ್ಲಿ ಬೀಗ ಹಾಕಿ ಇತ್ತು. ಕಳೆದುಹೋದರೆ ತಮ್ಮ ಸಂಬಳದಿಂದ ಕಟ್ಟಬೇಕಾಗುತ್ತದೆ ಎಂಬ ಹೆದರಿಕೆ ಆ ಹೆಡ್‌ಮಾಸ್ಟರಿಗೆ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕೆಟ್ಟರೆ, ಕಳೆದರೆ ಏನು ಎಂದು ಕೊಡುವ ದಿನವೇ ಬರೆದು ಕೊಡಬೇಕಿತ್ತು.

ಶಾಲೆಯೇ ಇಲ್ಲದ ಕಡೆ, ಶಾಲೆ ಮುಚ್ಚಿದ ಕಾಲದಲ್ಲಿ ಎಂತ ಮಾಡಿದ್ದಾರೆ?

ಡೊಮಿನಿಕನ್ ಗಣರಾಜ್ಯದಲ್ಲಿ 1980ರ ದಶಕದಲ್ಲಿ ಶಾಲೆಯಿಲ್ಲದ ಹಳ್ಳಿಗಳಲ್ಲಿ ಊರಿನವರೇ ಒಬ್ಬರು ಮಕ್ಕಳನ್ನು ಸೇರಿಸಿ ರೇಡಿಯೋ ಸುತ್ತ ಕೂರಿಸುತ್ತಿದ್ದರು. ಜಾಂಬಿಯಾದಲ್ಲಿ ಏಡ್ಸ್‌ನಿಂದ ಎಷ್ಟೋ ಮಕ್ಕಳು ತಬ್ಬಲಿಗಳಾಗಿ, ಟೀಚರುಗಳೂ ತೀರಿಕೊಂಡಾಗ, 2000ದಲ್ಲಿ ಒಂದು ಸಂತೆಯನ್ನೇ ಕತೆಯ ಜಾಗ ಮಾಡಿಕೊಂಡು ಪಾಠ ಶುರು ಮಾಡಿದರು. ನಡೆಸಿದವರು ಊರಿನ ಸ್ವಯಂಸೇವಕರು. ಸಿಯೆರಾ ಲಿಯೋನ್‌ನಲ್ಲಿ 2014ರಲ್ಲಿ ಎಬೋಲಾ ಬಂದು ಶಾಲೆಗಳು ಮುಚ್ಚಿದವು, 2015ರ ಏಪ್ರಿಲ್‌ನಲ್ಲಿ ತೆರೆಯುವವರೆಗೆ ಪಾಠ ರೇಡಿಯೋದಲ್ಲೇ ಬಂತು. ಇಲ್ಲೆಲ್ಲ ಪಾಠದ ಭಾರ ಇದ್ದದ್ದು ಮಕ್ಕಳ ಜೊತೆ ಕೂರುವ ಒಬ್ಬ ದೊಡ್ಡವರ ಮೇಲೆ. ಅಂಥವರು ಇಲ್ಲದ ಮನೆಯಲ್ಲಿ ಮಗು ಎರಡು ದಿನ ಉತ್ತರ ಹೇಳುತ್ತದೆ, ಮೂರನೆಯ ದಿನ ಆಟಕ್ಕೆ ಓಡುತ್ತದೆ.

ನಮ್ಮ ಊರಿನ ಸಮುದಾಯ ರೇಡಿಯೋದಲ್ಲಿ ಮಾಡಬಹುದಾ?

ಮಾಡಬಹುದು, ನನಗೆ ಈಗ ಹೆಚ್ಚಿನ ಆಸೆ ಇರುವುದೇ ಅಲ್ಲಿ. ಮಂಗಳೂರಿನಲ್ಲಿ ಸಂತ ಅಲೋಶಿಯಸ್‌ನವರ ರೇಡಿಯೋ ಸಾರಂಗ್ 107.8 ಇದೆ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಮಾತಾಡುತ್ತದೆ. ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4. ಮೊದಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದ ಪರವಾನಗಿ 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಿಗುತ್ತದೆ.

ಮಿತಿ ಗೊತ್ತಿರಲಿ. ಸಮುದಾಯ ಕೇಂದ್ರಕ್ಕೆ ಸಾಮಾನ್ಯವಾಗಿ 100 ವ್ಯಾಟ್ ಶಕ್ತಿ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ದೂರದ ವ್ಯಾಪ್ತಿ. ಸುಳ್ಯ, ಬೈಂದೂರಿನ ಒಳಗಿನ ಶಾಲೆಗೆ ಅದು ಮುಟ್ಟುವುದಿಲ್ಲ. ಹಾಗಾಗಿ ಪಾಠವನ್ನು ಇಲ್ಲಿ ಹುಟ್ಟಿಸಿ, ಇಲ್ಲಿನ ಶಾಲೆಗಳಲ್ಲಿ ಅಳೆದು ತಿದ್ದಿ, ಪಳಗಿದ ಮೇಲೆ ದೂರ ಮುಟ್ಟುವ ಆಕಾಶವಾಣಿಗೆ ಕೊಡುವುದು ಸರಿಯಾದ ಕ್ರಮ.

ರೆಕಾರ್ಡ್ ಮಾಡಿ ವಾಟ್ಸಾಪಲ್ಲಿ ಕಳಿಸಿದರೆ ಸಾಲದಾ? ಪ್ರಸಾರವೇ ಯಾಕೆ?

ತಪ್ಪಿದ ಪಾಠಕ್ಕೆ, ಮಳೆ ರಜೆಯ ದಿನಕ್ಕೆ ಖಂಡಿತ ಕಳಿಸಿ. ಪೆನ್ ಡ್ರೈವಿನಲ್ಲಿ ಹಾಕಿ ಸ್ಪೀಕರಿಗೆ ಚುಚ್ಚಿದರೂ ಆಯಿತು, ಬೇಕಾದಲ್ಲಿ ನಿಲ್ಲಿಸಬಹುದು, ಅದೊಂದು ಅನುಕೂಲ. ಆದರೆ ಯಾವಾಗ ಬೇಕಾದರೂ ಹಾಕಬಹುದಾದ ಪಾಠವನ್ನು ನಾಳೆ ಹಾಕುವ ಎಂದು ಬಿಡುವುದು ನಮ್ಮೆಲ್ಲರ ಸ್ವಭಾವ. ಗಂಟೆಗೆ ಸರಿಯಾಗಿ ಬರುವ ಪಾಠ ಯಾರಿಗೂ ಕಾಯುವುದಿಲ್ಲವಾದ್ದರಿಂದ ನಾವು ಅದಕ್ಕೆ ಕಾಯುತ್ತೇವೆ.

ಬರುವ ಸೋಮವಾರದಿಂದ ನಾನೊಬ್ಬಳೇ ನನ್ನ ಕ್ಲಾಸಿನಲ್ಲಿ ಶುರು ಮಾಡುವುದಾದರೆ?

ರೇಡಿಯೋ ಇಲ್ಲದೆಯೇ ಶುರು ಮಾಡಿ. ನಿಮ್ಮ ಫೋನಿನಲ್ಲಿ ಐದು ನಿಮಿಷದ ಒಂದು ತುಂಡು ರೆಕಾರ್ಡ್ ಮಾಡಿ, ಎಂಟು ಪ್ರಶ್ನೆ ಸಾಕು. ಮಕ್ಕಳ ಮನೆಯಲ್ಲಿ ಇರುವ ವಸ್ತುಗಳೇ ಬರಲಿ, ಬೀಡಿ ಕಟ್ಟು, ತೆಂಗಿನಕಾಯಿ, ಅಡಿಕೆ, ಮಲ್ಲಿಗೆ ಚೆಂಡು. ಕ್ಲಾಸಿನಲ್ಲಿ ಅದನ್ನು ಹಾಕಿ ನೀವು ಹಿಂದೆ ಹೋಗಿ ಕೂತುಕೊಳ್ಳಿ. ಯಾವ ಪ್ರಶ್ನೆಯಲ್ಲಿ ಯಾವ ಮಗು ಬಾಯಿ ತೆರೆಯಿತು, ಯಾರದು ಅರ್ಧದಲ್ಲಿ ನಿಂತಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅದೇ ದಿನ ಸಂಜೆ ಅದೇ ತುಂಡನ್ನು, ಅರ್ಧದಲ್ಲಿ ನಿಂತವರಿಗೆ ಬೇಕಾದಷ್ಟು ಜಾಗ ಬಿಟ್ಟು, ಇನ್ನೊಮ್ಮೆ ರೆಕಾರ್ಡ್ ಮಾಡಿ.